ಬುಟ್ಟಿಗೆ ಎಂಟು ರೂಪಾಯಿ

ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ ಅಂತ
ಹನ್ನೊಂದು ವರ್ಷದಿಂದ ಕೂಗುತ್ತಿದ್ದೇನೆ
ಕಾರವಾರ–ಅಂಕೋಲಾ ಲೋಕಲ್ ಗಾಡಿಯಲ್ಲಿ.
ಬಿಣಗಾ ಘಟ್ಟ ಹತ್ತುವಾಗ
ಒಂದು ಕೈ ಮೇಲಿನ ಸರಳಿಗೆ,
ಒಂದು ಕೈ ಚರ್ಮದ ಚೀಲದೊಳಗೆ.
ಕಣ್ಣು ಬೇಡ. ಬೆರಳಿಗೇ ಗೊತ್ತು
ಯಾವುದು ಎರಡು, ಯಾವುದು ಐದು,
ಯಾವುದು ಯಾರೋ ಗದ್ದಲದಲ್ಲಿ ದಾಟಿಸಿದ ಕಬ್ಬಿಣದ ವಾಶರು.

ನನ್ನ ನೋಡಲು ಬಂದ ಒಬ್ಬರು ಅಂದಿದ್ದರು:
ಕಂಡಕ್ಟರಿಕೆ ಅಂದರೆ ಚಿಲ್ಲರೆ ಕೆಲಸ.
ಹೌದು, ಪೂರಾ ಚಿಲ್ಲರೆಯದೇ ಅಂದೆ,
ಅವರ ಅರ್ಧ ಕುಡಿದ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮೊದಲ ತಿಂಗಳು ಡಿಪೋದ ಕಿಟಕಿಯಲ್ಲಿ
ಮೂರು ರೂಪಾಯಿ ಕಮ್ಮಿ ಬಿತ್ತು.
ಮೂರೇ.
ಕ್ಯಾಶಿಯರ್ ನಾಗೇಕರ ಪೆನ್ನಿನ ತುದಿಯಿಂದ
ಒಂದೊಂದೇ ನಾಣ್ಯ ಸರಿಸಿ, ಮತ್ತೆ ಸರಿಸಿ,
ತಲೆ ಎತ್ತದೆ ಕೂತ.
ಹಿಂದೆ ಆರು ಜನ ಕೆಮ್ಮುತ್ತಿದ್ದರು,
ಊರಿನ ಕೊನೆಯ ಬಸ್ಸು ಹೊರಟೇ ಹೋಯಿತು.
ಲಕ್ಷ ತಪ್ಪಿದವರು ಹೇಗೆ ಮಲಗುತ್ತಾರೋ ಕಾಣೆ,
ನಾನಂತೂ ಲೇಡೀಸ್ ರೂಮಿನ ಬೆಂಚಿನ ಮೇಲೆ
ರಾತ್ರಿಯಿಡೀ ಮೂರು ರೂಪಾಯಿ ಹುಡುಕಿದೆ.

ಟಿಕೆಟಿನ ಬೆನ್ನಿಗೆ ಬರೆದು ಕೊಡುತ್ತಿದ್ದೆ:
ಆರು ಬಾಕಿ, ಹನ್ನೆರಡು ಬಾಕಿ, ಒಂದು ಬಾಕಿ.
ಕೆಲವರು ಅದನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸಿ
ನನ್ನನ್ನೇ ನೋಡುತ್ತ ಕೂರುವರು,
ಕಿಟಕಿಯಾಚೆ ಅಷ್ಟು ದೊಡ್ಡ ಸಮುದ್ರವಿದ್ದರೂ.
ಕೆಲವರು ಮರೆತು ಇಳಿಯುವರು,
ಅಂಗಳದಲ್ಲಿ ಕಾಲು ತೊಳೆಯುವಾಗ ನೆನಪಾಗಿ
ನನಗೊಂದು ಬೈಗುಳ ಹಾಕುವರು.
ತೋಡೂರು ದಾಟುತ್ತಿದ್ದಂತೆ
ನನಗಿಲ್ಲಿ ಬಿಕ್ಕಳಿಕೆ.

ಚೆಂಡಿಯಾದಲ್ಲಿ ಒಬ್ಬ ಹುಡುಗ
ಎರಡು ರೂಪಾಯಿಗೆ ಬಸ್ಸಿನ ಹಿಂದೆ ಓಡಿದ.
ಹಿಂದಿನ ಸೀಟಿನವರು ನಕ್ಕರು. ನಾನು ಸೀಟಿ ಊದಿದೆ.
ಡ್ರೈವರ್ ಪುರ್ಸು ಗೌಡ ಬ್ರೇಕಿನ ಜೊತೆಗೇ ಬೈದ:
ಎರಡಕ್ಕೆ ಎಷ್ಟು ಡೀಸೆಲ್ ಸುಟ್ಟಿತು, ಲೆಕ್ಕ ಉಂಟಾ?
ಹುಡುಗ ಏದುಸಿರಲ್ಲಿ ಅಂದ,
ಜೆರಾಕ್ಸಿಗೆ, ಅಕ್ಕಾ. ಒಂದು ಹಾಳೆಗೆ ಕಮ್ಮಿ ಬಿದ್ದಿತ್ತು.
ಯಾವ ಅರ್ಜಿ, ಯಾವ ಹಾಳೆ, ಕೇಳಲಿಲ್ಲ.
ಕನ್ನಡಿಯಲ್ಲಿ ಅವನು ಸಣ್ಣಗಾಗುತ್ತ ಹೋದ,
ಮುಷ್ಟಿ ಬಿಚ್ಚಲಿಲ್ಲ.

ಈಗ ಹೆಂಗಸರಿಗೆ ಸೊನ್ನೆಯ ಟಿಕೆಟು.
ಗಂಡಸರಿಗೆ ನನ್ನ ಕೊರಳಲ್ಲಿ ತೂಗುವ ಕಪ್ಪು ಚೌಕದ ರಂಗೋಲಿ:
ಮೊಬೈಲು ಹಿಡಿದರೆ ಟಿಣ್, ಹತ್ತೊಂಬತ್ತಕ್ಕೆ ಹತ್ತೊಂಬತ್ತು.
ಬಾಕಿ ಇಲ್ಲ, ಬೈಗುಳ ಇಲ್ಲ, ಬಿಕ್ಕಳಿಕೆಯೂ ಇಲ್ಲ.
ಚೀಲ ಹಗುರ, ಭುಜದ ನೋವು ಕಮ್ಮಿ.
ಸುಳ್ಳು ಯಾಕೆ, ಆರಾಮಿದೆ.

ಆದರೆ ಶೇವಂತಿ ಹರಿಕಂತ್ರಳ ಬುಟ್ಟಿ?
ಅವಳಿಗೆ ಸೊನ್ನೆ, ಬುಟ್ಟಿಗೆ ಎಂಟು ರೂಪಾಯಿ ಲಗೇಜು.
"ನಾ ಪುಕ್ಕಟೆ, ಬಾಂಗಡೆಗೆ ಟಿಕೀಟು!
ಸತ್ತ ಮೀನಿಗಿಂತ ಕಡೆ ಆದ್ನೇನೆ ನಾ?"
ಇಡೀ ಬಸ್ಸಿಗೆ ಕೇಳುವಂತೆ ನಗುತ್ತ
ಸೊಂಟದ ಸಂಚಿ ಬಿಚ್ಚುತ್ತಾಳೆ.
ಎಲೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅದರಡಿ ನಾಣ್ಯ,
ಒದ್ದೆ, ತಣ್ಣಗೆ,
ಒಂದಕ್ಕೆ ಮೀನಿನ ಹುರುಪೆ ಅಂಟಿಕೊಂಡೇ ಇರುತ್ತದೆ.

ಒಂದು ದಿನ ಹತ್ತು ಕೊಟ್ಟಳು. ನನ್ನಲ್ಲಿ ಎರಡಿರಲಿಲ್ಲ.
"ಇರ್ಲಿ ಬಿಡೇ, ನಾಳಿಗೆ."
ಮರುದಿನ ಅವಳಲ್ಲಿ ಐದೇ ಇತ್ತು,
ಒಂದು ನನ್ನ ಪರ್ಸಿನಿಂದ ಹಾಕಿದೆ.
ಆಮೇಲೆ ಮತ್ತೆ ಹತ್ತರ ನೋಟು. ಆಮೇಲೆ ಬುಟ್ಟಿ ಎರಡು.
ಆಮೇಲೆ ದೋಣಿ ಇಳಿಯದ ದಿನಗಳು.
ಒಮ್ಮೆ ಬಾಕಿಗೆ ಬದಲು
ಬಾಳೆಲೆಯಲ್ಲಿ ಸುತ್ತಿದ ನಾಲ್ಕು ತಾರ್ಲೆ.

ಯಾರು ಯಾರಿಗೆ ಕೊಡಬೇಕು
ನನಗೀಗ ಗೊತ್ತಿಲ್ಲ.
ಅವಳಿಗೂ ಗೊತ್ತಿಲ್ಲ ಅಂತ ನನಗೆ ಗೊತ್ತು.
ಅವರ್ಸಾದಲ್ಲಿ ಇಳಿದು, ಬುಟ್ಟಿ ತಲೆಗೇರಿಸಿ,
ದಿನಾ ಎರಡು ಬೆರಳು ಎತ್ತಿ ತೋರಿಸುತ್ತಾಳೆ:
"ಎರಡು! ನೆನಪಿರ್ಲಿ!"
ನಾನೂ ಬಾಗಿಲಿಂದ ಎರಡು ಬೆರಳು ಎತ್ತುತ್ತೇನೆ,
ರೈಟ್, ಅನ್ನುತ್ತೇನೆ.
ಗಾಡಿ ಹೊರಡುತ್ತದೆ.