ರಸೀದಿ

ಅರೇಹಳ್ಳಿ ಠಾಣೆ, ಜನವರಿ, ರಾತ್ರಿ ಪಾಳಿ.
ಮೇಜಿನ ಖಾನೆಯಲ್ಲಿ ಬಾಡಿಗೆಗೆ ತಂದ ಪತ್ತೇದಾರಿ ಪುಸ್ತಕ.
ನಾಯಕ ಇನುಯಿಟ್ ಜನರವನು,
ಹೆಪ್ಪುಗಟ್ಟಿದ ಕಡಲಿಗೆ ಕಿವಿಯಿಟ್ಟು
ಕೊಲೆಗಾರ ಹೋದ ದಿಕ್ಕು ಹೇಳುತ್ತಾನೆ.
ಅಜ್ಜಿ ಕಲಿಸಿದ್ದಂತೆ.
ಸೀಲ್ ಉಸಿರಾಡುವ ತೂತಿನ ಮುಂದೆ ದಿನವಿಡೀ ಕೂತು
ಬಂದ ತಾಳ್ಮೆಯಂತೆ.

ನಾನು ಕಂಡ ಮಂಜುಗಡ್ಡೆ
ಬೇಲೂರು ಸಂತೆಯ ಮೀನಿನ ಪೆಟ್ಟಿಗೆಯದು.
ಆದರೂ ಓದುತ್ತ ಓದುತ್ತ ಪಾದ ತಣ್ಣಗಾಗಿ
ಬಿಚ್ಚಿಟ್ಟ ಬೂಟು ಮತ್ತೆ ಹಾಕಿಕೊಂಡೆ.

ಎದುರು ಬೆಂಚಿನಲ್ಲಿ ಪಿ.ಸಿ. ರಸೀದಿ.
ಹೌದು, ಹೆಸರೇ ಅದು. ಹಕ್ಕಿಪಿಕ್ಕಿ ಕಾಲೋನಿಯ ಹುಡುಗಿ.
ಅವಳು ಹುಟ್ಟಿದ ದಿನ ಅಜ್ಜ ಜೇನು ಮಾರಲು ಹೋಗಿ
ಸೊಸೈಟಿಯವರು ಮೊದಲ ಸಲ ಚೀಟಿ ಬರೆದುಕೊಟ್ಟರಂತೆ.
ಕದ್ದದ್ದಲ್ಲ ಅಂತ ಕಾಗದವೇ ಹೇಳ್ತದಲ್ಲ,
ಕೂಸಿಗೂ ಅದೇ ಇರಲಿ ಅಂದನಂತೆ.
ಅಜ್ಜನ ಹೆಸರು ಜಾಮೀನು.
ಅದರ ಕತೆ ಬೇರೆ.

ಮೂರು ಗಂಟೆಗೆ ದೂರು ಬಂತು:
ಕಣದಲ್ಲಿ ಒಣಗಿ ಕಟ್ಟಿಟ್ಟ ಕಾಫಿ, ನಲವತ್ತು ಮೂಟೆ.
ಎಸ್ಟೇಟಿನ ಹಿರಿಯಣ್ಣಯ್ಯನವರು ಶಾಲು ಸರಿಪಡಿಸಿಕೊಂಡರು.
ಗುಮಾನಿ ಯಾರ ಮೇಲೆ?
'ಇನ್ಯಾರು, ಆ ಕಾಲೋನಿಯೋರು.'
ಬರೆದೆ. ಅಕ್ಷರ ದುಂಡಗೆ ಬಂತು.
ಅವಳು ಓದಿದಳು. ಓದಿದ್ದನ್ನು ನಾನು ನೋಡಿದೆ.

ಐದೂವರೆ. ಕಣದಾಚೆ ಲಂಟಾನದ ಹಕ್ಕಲು.
ಇನ್‌ಸ್ಪೆಕ್ಟರ್ ಟಾರ್ಚು ಬಿಟ್ಟು ಟೈರಿನ ಗುರುತು ಹುಡುಕುವಾಗ
ಅವಳು ಟೋಪಿ ತೆಗೆದು ನನ್ನ ಕೈಗಿಟ್ಟು
ಎರಡು ಬೆರಳು ಕೆನ್ನೆಗೊತ್ತಿ
ಗೌಜಲಿನ ಹಾಗೆ ಕೂಗಿದಳು.

ಬಲಗಡೆ ಬೇಲಿಯಿಂದ ಗಂಡೊಂದು ಜಗಳಕ್ಕೆ ಬಂತು.
ಕೆರೆ ಏರಿಯಿಂದ ಇನ್ನೊಂದು.
ಎಡಕ್ಕೆ, ಹಾಳು ಪಂಪ್‌ಹೌಸಿನ ಹಿಂದಿನ ಪೊದೆಯಿಂದ
ಏನೂ ಇಲ್ಲ.
ಮತ್ತೆ ಕೂಗಿದಳು.
ಇಲ್ಲ.
'ಅಲ್ಲಿ ಎರಡು ಮೂರು ಜೋಡಿ ಇರ್ಬೇಕು ಸಾರ್.
ಯಾರೋ ಕೂತವ್ರೆ. ಅದ್ಕೇ ಬಾಯಿ ಬಿಡ್ತಿಲ್ಲ.'

ಬೂಟು ಬಿಚ್ಚಿ ಹೊರಟಳು.
ಬೂದಿ ಬಣ್ಣದ ಇಬ್ಬನಿಯಲ್ಲಿ
ಯಾರೋ ತುಳಿದು ಒದ್ದೆ ಹಸಿರಾದ ಗೆರೆ,
ಅವಳು ತೋರಿಸುವವರೆಗೆ ಅದು ಅಲ್ಲಿರಲಿಲ್ಲ,
ನನ್ನ ಪಾಲಿಗೆ.
ಅಜ್ಜ ಬಲೆ ಬೀಸುತ್ತಿದ್ದ ಕಡೆಯಿಂದ ಅವಳು,
ಹಕ್ಕಿ ನುಗ್ಗುವ ಕಡೆಯಲ್ಲಿ ನಾವು ನಾಲ್ವರು ಉಸಿರು ಹಿಡಿದು.

ನುಗ್ಗಿದವನು ಹಿರಿಯಣ್ಣಯ್ಯನವರ ಅಳಿಯ.
ಮೊಬೈಲಿನಲ್ಲಿ ಲಾರಿಯವನ ಹನ್ನೊಂದು ಕರೆ.
ಪಂಪ್‌ಹೌಸಿನಲ್ಲಿ ಮೂವತ್ತೆಂಟು ಮೂಟೆ.
'ಮನೆ ಮಾಲು ಮನೆಯೋನು ತಗೊಂಡ್ರೆ ಕಳ್ತನ ಆಗ್ತದಾ?'
ಮಾವ ಬಂದು ನೋಡಿ, ಶಾಲನ್ನು ಬಾಯಿಗೆ ಒತ್ತಿಕೊಂಡು,
ದೂರು ವಾಪಸ್ ತಗೋಬಹುದಾ ಅಂದರು.

ಠಾಣೆಗೆ ಬಂದ ಮೇಲೆ ಇನ್‌ಸ್ಪೆಕ್ಟರ್:
'ಖಚಿತ ಬಾತ್ಮಿ ಮೇರೆಗೆ ಅಂತ ಬರೀರಿ ರೈಟ್ರೇ.
ಗೌಜಲು ಗೀಜಲು ಅಂತ ಬರದ್ರೆ
ಫಾರೆಸ್ಟ್‌ನೋರು ಬಂದು ಇವಳ ಮೇಲೇ ಕೇಸು ಜಡೀತಾರೆ.'
ಬರೆದೆ.

ಹಿಂದಿನ ಅಲ್ಮೇರದಲ್ಲಿ ಗೆದ್ದಲು ತಿಂದ ರಿಜಿಸ್ಟರೊಂದಿದೆ.
ಜಾಮೀನು. ಕಸುಬು, ಹಕ್ಕಿ ಹಿಡಿಯುವುದು.
ಚಹರೆ, ಎಡಗಿವಿಯಲ್ಲಿ ಹರಕು.
ಪಕ್ಕದಲ್ಲಿ ಹೆಬ್ಬೆಟ್ಟು, ಒಣಗಿದ ನೇರಳೆಯ ಹಾಗೆ.
ನಾನು ಅವಳಿಗೆ ಹೇಳಿಲ್ಲ.
ಆ ಅಲ್ಮೇರದ ಧೂಳು ಹೊಡೆಯುವವಳು
ಪ್ರತಿ ಶನಿವಾರ ಅವಳೇ.

'ಸಾರ್, ನಿಮ್ ಪುಸ್ತಕದ ಆ ಹಿಮದೋನು...
ಅವನ ಅಜ್ಜಿ ಹೆಬ್ಬೆಟ್ಟೂ
ಅಲ್ಲಿನ ಠಾಣೆಲಿ ಇತ್ತಾ?'

ಕೊನೆಗಿರಬಹುದೆಂದು ತಿರುವಿದೆ.
ಹದಿನಾರು ಪುಟ ಇಲ್ಲ,
ಬೋಂಡ ಕಟ್ಟಲು ಯಾರೋ ಹರಿದಿದ್ದಾರೆ.
ನೋಡಿ ಹೇಳ್ತೀನಿ ಅಂದೆ.

ಅವಳು ಪ್ಯಾಂಟಿಗಂಟಿದ ಉತ್ತರಾಣಿ ಬೀಜಗಳನ್ನು
ಒಂದೊಂದೇ ಕಿತ್ತು
ಖಾಲಿ ಚಹಾದ ಲೋಟಕ್ಕೆ ಹಾಕುತ್ತಿದ್ದಳು.