ಎರಡು ಪ್ರತಿ

ಪ್ರಶ್ನೆಪತ್ರ ಒಂದೇ, ಪ್ರತಿ ಎರಡು.
ತಾಯಿಗೊಂದು, ತಂದೆಗೊಂದು.
ಒಬ್ಬರದನ್ನು ಒಬ್ಬರು ನೋಡಬಾರದು ಅಂದಿದ್ದಳು ನಾನುಲಿ,
ಬುಧವಾರಗಳ ಥೆರಪಿಯವಳು.

ನಾನು ಬರೆದದ್ದು ಅಡುಗೆಮನೆಯ ಮೇಜಿನ ಮೇಲೆ,
ತೆಕ್ಲೆ ಮಲಗಿದ ಮೇಲೆ, ನೀಲಿ ಇಂಕಿನಲ್ಲಿ.
ಜಾಜಾ ಬರೆದದ್ದು ಬೇಕರಿಯಲ್ಲಿ, ನಸುಕಿನ ಮೂರಕ್ಕೆ,
ತೋನೆಯ ಮಣ್ಣಿನ ಗೋಡೆ ಕಾಯುವ ತನಕ.
ಅವನ ಹಾಳೆಯ ಅಂಚಿಗೆ ಹಿಟ್ಟಿನ ಹೆಬ್ಬೆಟ್ಟು.

ನಾನುಲಿ ಎರಡನ್ನೂ ಪಕ್ಕಪಕ್ಕ ಇಟ್ಟಳು.
ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದ ಹಾಗೆ ಕಂಡಿತು.

ಚಮಚ ಹಿಡಿದು ತಾನೇ ಉಣ್ಣುವಳೇ?
ನಾನು: ಅರ್ಧ ಚೆಲ್ಲುತ್ತಾಳೆ.
ಅವನು: ಹೌದು.
ಮೆಟ್ಟಿಲು ಹತ್ತುವಳೇ?
ನಾನು: ಇನ್ನೂ ಇಲ್ಲ.
ಅವನು ಬರೆದದ್ದು ಒಂದು ಅಂಕಿ ಮಾತ್ರ: ಹನ್ನೊಂದು.
ಎಲ್ಲಿಯ ಹನ್ನೊಂದೋ, ನಾನು ಕೇಳಲಿಲ್ಲ.

ಎರಡು ಪದ ಕೂಡಿಸಿ ಹೇಳುವಳೇ?
ಇಲ್ಲ, ಅಂತ ನಾನು. ಕೆಳಗೆ ಗೆರೆ ಕೂಡ ಎಳೆದಿದ್ದೆ.
ಹೌದು, ಅಂತ ಅವನು.

ಕೊನೆಯದೊಂದೇ ಹೊಂದಿದ್ದು.
ದೊಡ್ಡವಳಾದಾಗ ನಿಮ್ಮ ಮಗು ಎಲ್ಲಿ, ಯಾರ ಜೊತೆ ಇರುತ್ತದೆಂದು ನೆನೆಯುತ್ತೀರಿ?
ಇಬ್ಬರೂ ಖಾಲಿ ಬಿಟ್ಟಿದ್ದೆವು.
ನಾನುಲಿ ಅದನ್ನು ಗಟ್ಟಿಯಾಗಿ ಓದಲಿಲ್ಲ,
ಹಾಳೆ ಮಡಚಿ, ತೆಕ್ಲೆಯ ಬೂಟಿನ ಲೇಸು ಕಟ್ಟತೊಡಗಿದಳು.

ಬಸ್ಸು ರಿಯೋನಿ ಹೊಳೆ ದಾಟುವಾಗ ನಾನೇ ತೆಗೆದೆ.
ಯಾವ ಎರಡು ಪದ? ಹೇಳು.
'ಪು' ಅಂತಾಳೆ, ಅಂದ. ಪುರಿ ಅನ್ನೋಕೆ. ರೊಟ್ಟಿ.
ಆಮೇಲೆ?
ಆಮೇಲೆ ಊದ್ತಾಳೆ. ಉಫ್. ರೊಟ್ಟಿ, ಬಿಸಿ.
ಊದೋದು ಪದ ಅಲ್ಲ ಜಾಜಾ.
ಅವನು ಕಿಟಕಿಯ ಕಡೆ ತಿರುಗಿದ.
ನಡುವೆ ಕೂತ ತೆಕ್ಲೆ ನಮ್ಮಿಬ್ಬರ ಟಿಕೆಟ್ಟನ್ನೂ ನೆಕ್ಕುತ್ತಿದ್ದಳು.

ನನ್ನ ಮೇಲೂ ಸ್ವಲ್ಪ ನ್ಯಾಯ ಇರಲಿ.
ದಿನಕ್ಕೆ ಇಪ್ಪತ್ತು ನಿಮಿಷ ಆ ಕೆನ್ನೆ ತಿಕ್ಕುವವಳು ನಾನು,
ನಾಲಿಗೆ ಒಳಗೆ, ತೆಕ್ಲೆ, ಒಳಗೆ, ಅನ್ನುವವಳು ನಾನು.
ಮೂರು ವರ್ಷ ಏಳು ತಿಂಗಳು, ನಾಲ್ಕು ನೋಟುಪುಸ್ತಕ.
ತಂಗಿಯ ಮಗ ಅವಳಿಗಿಂತ ಆರು ವಾರ ಚಿಕ್ಕವನು,
ಫೋನಿನಲ್ಲಿ ಅಲ್ಲಿಯ ಹವಾಮಾನ ಹೇಳುತ್ತಾನೆ.
ಅತ್ತೆ ಗುಲಿಕೋ ಅನ್ನುತ್ತಾಳೆ, ನಮ್ಮ ಜಾಜಾನೂ ತಡವಾಗೇ ಮಾತಾಡಿದ್ದು.
ಆ ಸುಳ್ಳಿಗೆ ಅವಳು ಪ್ರತಿಸಲ ಸಕ್ಕರೆ ಹಾಕಿದ ಚಹಾ ಕೊಡುತ್ತಾಳೆ,
ನಾನೂ ಕುಡಿಯುತ್ತೇನೆ.
ಎಲ್ಲರೂ ಹೌದು ಹೌದು ಅಂದರೆ
ಇಲ್ಲ ಅನ್ನುವುದನ್ನು ಯಾರಾದರೂ ಹೊರಬೇಕಲ್ಲ.

ಶನಿವಾರ ಅವನ ಹಿಂದೆಯೇ ಹೋದೆ, ಕರೆಯದೆ.
ಬೇಕರಿ ಇರುವುದು ನೆಲಮಾಳಿಗೆಯಲ್ಲಿ.
ಅವಳು ಅಂಡು ಊರಿ ಇಳಿದಳು, ಒಂದೊಂದೇ ಕಲ್ಲು,
ಯಾರ ಕೈಯೂ ಹಿಡಿಯದೆ, ಉಸ್ಸೆನ್ನುತ್ತ.
ಎಣಿಸಿದೆ. ಹತ್ತುವಾಗಲೂ ಅಷ್ಟೇ ಇದ್ದೀತು.

ಜಾಜಾ ಗೋಡೆಯಿಂದ ಕಿತ್ತು ತೆಗೆದ,
ದೋಣಿಯಂಥ ಉದ್ದನೆ ರೊಟ್ಟಿ.
ಪು, ಅಂದಳು. ಕತ್ತು ಚಾಚಿ ಊದಿದಳು.
ಅವನು ನನ್ನತ್ತ ನೋಡಲಿಲ್ಲ.
ನೋಡಿದ್ದರೆ ನಾನು ಹಟ ಬಿಡುತ್ತಿರಲಿಲ್ಲ.

ಆಟ, ಅಂದುಕೊಂಡೆ. ಎಲ್ಲದಕ್ಕೂ ಊದುತ್ತಾಳೆ.
ಕಪಾಟಿನಲ್ಲಿ ನಿನ್ನೆ ಉಳಿದದ್ದೊಂದಿತ್ತು,
ಕಟ್ಟಿಗೆಯ ಹಾಗೆ ಒಣಗಿದ್ದು.
ಅವಳ ಮುಂದೆ ಹಿಡಿದೆ.

ಪು, ಅಂದಳು.
ಬೆರಳಿಟ್ಟು ನೋಡಿದಳು.
ತುಟಿ ಉಬ್ಬಲಿಲ್ಲ.
ನನ್ನ ಮುಖ ನೋಡಿದಳು, ಇದನ್ನು ಯಾಕೆ ಕೊಡುತ್ತೀ ಅನ್ನುವ ಹಾಗೆ,
ಕೈ ಬೀಸಿ ಹಿಂದೆ ತಳ್ಳಿದಳು.

ಮುಂದಿನ ಪ್ರಶ್ನೆಪತ್ರ ಆರು ತಿಂಗಳಿಗೆ.
ಜಾಜಾ ಬೆನ್ನು ತಿರುಗಿಸಿ ಬೆಂಕಿ ಕೆದಕುತ್ತಿದ್ದ.
ತಣ್ಣನೆ ರೊಟ್ಟಿಯನ್ನು ನಾನೇ ಮುರಿದು ತಿಂದೆ,
ಜಗಿಯಲು ಬಹಳ ಹೊತ್ತು ಬೇಕಾಯಿತು.