ಅರ್ಧ ಸ್ವರ ಕೆಳಗೆ

ಗ್ರಿಮ್ಸ್‌ಬಿಯ ರೈಲ್ವೆ ಕ್ಲಬ್ಬಿನಲ್ಲೊಂದು ಪಿಯಾನೊ
ಅರ್ಧ ಸ್ವರ ಕೆಳಗೆ ಕೂತುಬಿಟ್ಟಿದೆ.
ಶ್ರುತಿ ಮಾಡುವವನು ಬಂದ, ಮುಚ್ಚಳ ಎತ್ತಿದ, ಮುಚ್ಚಿದ.
ಎಳೆದರೆ ತಂತಿ ಹರಿಯುತ್ತೆ, ಹೀಗೇ ಇರಲಿ ಬಿಡಮ್ಮ ಅಂದು
ಚಹಾ ಕುಡಿದು ಹೋದ. ದುಡ್ಡು ಕೇಳಲಿಲ್ಲ.

ಸಂಜೆ ಆರಕ್ಕೆ ಬಂದರು ಒಬ್ಬೊಬ್ಬರಾಗಿ,
ಯಾವ ಕಂಪನಿಯ ಮುದ್ರೆಯೂ ಇಲ್ಲದವರು,
ಅಡುಗೆಮನೆಯಲ್ಲಿ ಫ್ರಿಜ್ಜು ಆರಿಸಿ ಹಾಡು ಹಿಡಿದಿಡುವವರು,
ತಮ್ಮ ಸೀಡಿ ತಾವೇ ಮಾರಿ
ಮಿಕ್ಕದ್ದನ್ನು ತಾವೇ ಮನೆಗೆ ಹೊರುವವರು.
ಮೀನು ಹರಾಜಿನ ಲೆನ್ನಿ, ಡ್ರಮ್ಮಿನ ಕೋಲಿಗೂ ಹ್ಯಾಡಕ್ ವಾಸನೆ.
ಕಾರ್ನೆಟ್ಟಿನ ವಿನ್ಸ್, ಹೊಸ ಹಲ್ಲುಸೆಟ್ಟಿನ ಮೇಲೆ ಅವನಿಗೇ ನಂಬಿಕೆಯಿಲ್ಲ.
ಲಿಥುವೇನಿಯಾದ ರೂತಾ: ತಳ್ಳುಗಾಡಿಯಲ್ಲಿ ಅಕಾರ್ಡಿಯನ್,
ಮಗು ಸೊಂಟದ ಮೇಲೆ.
ಗಿಟಾರಿನ ಬ್ಲಾಂಚರ್ಡ್ ಅಣ್ಣತಮ್ಮ
ಒಂಬತ್ತು ವರ್ಷದಿಂದ ಮಾತು ಬಿಟ್ಟವರು,
ಬೇರೆ ಬೇರೆ ಬಾಗಿಲಿಂದ.

ನಾನು ಬಕೆಟ್ಟು ಹಿಡಿದು ನಿಂತವಳು.
ಹಗಲು ಔಷಧದಂಗಡಿ; ಐದೈದಾಗಿ ಗುಳಿಗೆ ಎಣಿಸುವ ಕೈ.
ಈ ಊರಿನ ನಿದ್ದೆಯ ಲೆಕ್ಕ ನನ್ನ ಹತ್ತಿರವಿದೆ,
ಯಾರಿಗೂ ಹೇಳುವಂತಿಲ್ಲ.
ಹಣ ಯಾವುದಕ್ಕೆಂದು ಬಕೆಟ್ಟಿನ ಮೇಲೆ ಬರೆದಿತ್ತು:
ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ
ಯಾರಾದರೂ ಎತ್ತಿಕೊಳ್ಳುವ ಒಂದು ಫೋನಿಗೆ.

ಹಲ್ಲುನೋವೆಂದರೆ ಲವಂಗ ಕೊಡುತ್ತಿದ್ದರು ನಮ್ಮ ಮನೆಯಲ್ಲಿ.
ಸೊಂಟಕ್ಕೆ ಎಣ್ಣೆ, ದೃಷ್ಟಿಗೆ ಮೆಣಸಿನಕಾಯಿ.
ಉಳಿದದ್ದಕ್ಕೆಲ್ಲ ಒಂದೇ ಮಾತು: ಬೇಸರ.
ಬಸ್ಸು ತಪ್ಪಿದರೂ ಬೇಸರ,
ಬದುಕು ಬೇಡವಾದರೂ ಬೇಸರ.
ಒಂದು ಲೋಟ ಮಜ್ಜಿಗೆ ಕುಡಿ, ಸರಿಹೋಗುತ್ತೆ.
ಕುಡಿದೆವು.
ಕೆಲವರಿಗೆ ಸರಿಹೋಯಿತು.

ಪಿಯಾನೊ ಮುಂದೆ ಕೂತದ್ದು ಐಸ್ಲಾ.
ಹೋದ ಚಳಿಗಾಲವೆಲ್ಲ ಅವಳು ಎಲ್ಲಿದ್ದಳೆಂದು ಎಲ್ಲರಿಗೂ ಗೊತ್ತು.
ಒಂದು ಮನೆ ಒತ್ತಿದಳು. ಎಲ್ಲರೂ ಮುಖ ಮುಖ ನೋಡಿದರು.
ಇದು ಮೇಲೆ ಬರಲ್ಲ, ಅಂದಳು ನೆಲ ನೋಡುತ್ತ.
ಡ್ರಮ್ಮಿಗೇನು, ನಡೀರಿ, ಅಂದ ಲೆನ್ನಿ.
ಬ್ಲಾಂಚರ್ಡ್ ಅಣ್ಣ ಮಾತಾಡದೆ ತಂತಿ ಸಡಿಲಿಸತೊಡಗಿದ,
ಒಂದೊಂದು ಬಿರಡೆ, ಅವಸರವಿಲ್ಲದೆ.
ಅವನ ತಂತಿಗೆ ಕಿವಿಗೊಟ್ಟು ತಮ್ಮನೂ ಇಳಿಸಿದ,
ಕಣ್ಣು ಮಾತ್ರ ಗೋಡೆಯ ಮೇಲೆ.
ವಿನ್ಸ್ ಕೊಳವೆಯನ್ನು ಉದುರುವಷ್ಟು ಹೊರಗೆಳೆದ.
ಅಕಾರ್ಡಿಯನ್ ಇಳಿಯುವ ಜಾತಿಯಲ್ಲ.
ರೂತಾ ಅದನ್ನು ಮುಚ್ಚಿಟ್ಟು
ಕ್ಲಬ್ಬಿನ ಎರಡು ಚಮಚ ತಂದಳು, ತೊಡೆಯ ಮೇಲೆ ಬಡಿಯಲು.

ಮಹಾ ಸಂಗೀತವೇನಲ್ಲ.
ಎರಡನೆಯ ಹಾಡಿನಲ್ಲಿ ಲೆನ್ನಿ ಓಡಿದ,
ಮಿಕ್ಕವರು ಬೆನ್ನಟ್ಟಿ ಹಿಡಿದರು.
ಐಸ್ಲಾ ಒಮ್ಮೆ ನಿಂತಳು, ನಡುವೆಯೇ, ಕೈ ಮಡಿಲಲ್ಲಿ.
ಚಮಚ ಮಾತ್ರ ನಡೆಯುತ್ತಿತ್ತು, ಟಕ ಟಕ,
ಅವಳು ಮತ್ತೆ ಕೈ ಎತ್ತುವವರೆಗೆ.

ಆ ಸಂಖ್ಯೆ ನಾನೂ ಒತ್ತಿದ್ದೆ ಒಂದು ಸಲ.
ಅಂಗಡಿಯ ಷಟರ್ ಎಳೆದು, ಬೀಗದ ಕೈ ಅಂಗೈಯಲ್ಲೇ.
ಬೇಸರಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು, ಹುಡುಕುತ್ತ ಸುಮ್ಮನಿದ್ದೆ.
ಅತ್ತಲಿನವನೂ ಸುಮ್ಮನಿದ್ದ. ಕೆಮ್ಮಿದ.
ನಿಧಾನ, ಅಂದ.
ಆಮೇಲೆ, ಕೆಟಲ್ ಇಟ್ಟು ಬರುತ್ತೇನೆ, ಫೋನ್ ಇಡಬೇಡಿ.
ಯಾರದೋ ಅಡುಗೆಮನೆಯಲ್ಲಿ ನೀರು ಕುದಿಯುವುದನ್ನು ಕೇಳಿಸಿಕೊಂಡೆ.
ಇಡಲಿಲ್ಲ.

ಹನ್ನೊಂದೂವರೆಗೆ ಬಕೆಟ್ಟು ಸುರಿದು ಐದೈದಾಗಿ ಎಣಿಸಿದೆ.
ಎಂಟುನೂರ ಹತ್ತೊಂಬತ್ತು ಪೌಂಡು, ಒಂದು ಕೋಟಿನ ಗುಂಡಿ,
ಒಂದು ಚೀಟಿ: ಈಗ ಕಾಸಿಲ್ಲ, ಮಂಗಳವಾರ ಕೊಡುತ್ತೇನೆ.
ರಾತ್ರಿಗೆ ನಲವತ್ತೆರಡರಂತೆ
ಹತ್ತೊಂಬತ್ತು ರಾತ್ರಿ, ಮತ್ತೊಂದರ ಅರ್ಧ.
ಅರ್ಧ ಅಂದರೆ ಎಷ್ಟು ಗಂಟೆವರೆಗೆ? ಅಂದ ಲೆನ್ನಿ.
ಎರಡೂವರೆ.
ಅಲ್ಲಿ ನಿಲ್ಲಿಸಬೇಡಿ, ಅಂದಳು ಐಸ್ಲಾ,
ಅದೇ ಕೆಟ್ಟ ಹೊತ್ತು.

ಜೇಬುಗಳು ಒಳಮಗ್ಗುಲಾದವು.
ರೂತಾ ನಾಲ್ಕು, ವಿನ್ಸ್ ಹತ್ತು, ಲೆನ್ನಿ ಚಿಲ್ಲರೆ.
ಬ್ಲಾಂಚರ್ಡ್ ತಮ್ಮ ಬಸ್ಸಿಗೆಂದು ಇಟ್ಟದ್ದನ್ನೂ ಹಾಕಿ
ಕಾಲರ್ ಎತ್ತಿಕೊಂಡು ಹೊರನಡೆದ, ಬಂದರಿನ ಗಾಳಿಗೆ.
ಅಣ್ಣ ಏನೂ ಹೇಳಲಿಲ್ಲ.
ಕಾರಿನ ಮುಂದಿನ ಸೀಟಿನಲ್ಲಿದ್ದ ಗಿಟಾರನ್ನು
ಹಿಂದಕ್ಕೆ ಹಾಕಿದ.